ರಿಪೋರ್ಟಲ್ಲಿ ಎನ್‌ಕೆ ಸೆಲ್ ಜಾಸ್ತಿ ಅಂತ ಬಂದಿದೆ, ಏನ್ಮಾಡೋದು?

ಪರಿಚಯದವರೊಬ್ರು ಹೋದ ತಿಂಗಳು ವಾಟ್ಸಾಪಲ್ಲಿ ಒಂದು ಲ್ಯಾಬ್ ರಿಪೋರ್ಟ್ ಕಳ್ಸಿದ್ರು. ನಾಲ್ಕು ಪೇಜು, ಮೂರನೇ ಪೇಜಲ್ಲಿ ಒಂದು ನಂಬರ್ ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಮೇಲಕ್ಕೆ ಮುಖ ಮಾಡಿರೋ ಒಂದು ಬಾಣ. ರಕ್ತದಲ್ಲಿ ಎನ್‌ಕೆ ಸೆಲ್ ಜಾಸ್ತಿ ಇದೆಯಂತೆ. ಅವರಿಗೆ ಮೂರು ಸಲ ಬಸಿರಾಗಿ ಮೂರೂ ಸಲ ಎರಡೂವರೆ ತಿಂಗಳೊಳಗೇ ಹೋಗಿದೆ. ಎನ್‌ಕೆ ಅಂದ್ರೆ ನ್ಯಾಚುರಲ್ ಕಿಲ್ಲರ್, ರಕ್ತದಲ್ಲಿರೋ ಒಂದು ಥರದ ಇಮ್ಯುನಿಟಿ ಕಣ, ಹುಟ್ಟಾ ಕೊಲೆಗಾರ ಅನ್ನೋ ಹೆಸರು, ಮೂರು ಕಳ್ಕೊಂಡಿರೋ ಹೆಣ್ಮಗಳು ಅದನ್ನ ಓದಿದಾಗ ಹೊಟ್ಟೆ ಹೇಗೆ ತೊಳಸಿರಬೇಡ. ಕೆಳಗೆ ಎರಡೇ ಪ್ರಶ್ನೆ: "ನನ್ನ ಇಮ್ಯುನಿಟಿನೇ ನನ್ನ ಮಕ್ಕಳನ್ನ ಸಾಯಿಸ್ತಿದ್ಯಾ? ಮುಂದೆ ಒಂದು ನಿಂತ್ರೂ ಅದಕ್ಕೆ ಆಟಿಸಂ ಬರುತ್ತೆ ಅಂತಾರಲ್ಲ, ಹೌದಾ?"

ನಾನು ಡಾಕ್ಟರಲ್ಲ, ಈ ವಿಷಯ ಓದ್ಕೊಂಡು ಬರೆಯೋನು ಅಷ್ಟೆ. ಆದ್ರೆ ಈ ಎರಡು ಪ್ರಶ್ನೆ ಒಂದರ ಹಿಂದೆ ಒಂದು ಬಂದಿದ್ದು ನೋಡಿ ಸುಮ್ಮನಿರಕ್ಕಾಗ್ಲಿಲ್ಲ, ಯಾಕಂದ್ರೆ ಗರ್ಭಕೋಶದ ಸಂಶೋಧನೆ ಮತ್ತೆ ಮಿದುಳಿನ ಸಂಶೋಧನೆ ಎರಡೂ ಇತ್ತೀಚೆಗೆ ಒಂದೇ ಜಾಗಕ್ಕೆ ಬಂದು ನಿಂತಿವೆ.

ತಾಯಿಯ ಇಮ್ಯುನಿಟಿಗೂ ಹೊಟ್ಟೇಲಿರೋ ಮಗುಗೂ ಆಗಲ್ಲ ಅನ್ನೋ ಕಥೆ ಶುರು ಆಗಿದ್ದು 1953ರಲ್ಲಿ. ಬ್ರಿಟನ್ನಿನ ಪೀಟರ್ ಮೆಡವಾರ್ ಅಂತ, ಚರ್ಮ ಕಸಿ ಯಾಕೆ ನಿಲ್ಲಲ್ಲ ಅಂತ ಹುಡುಕ್ತಿದ್ದ ವಿಜ್ಞಾನಿ, ಮುಂದೆ 1960ರಲ್ಲಿ ನೊಬೆಲ್ ಕೂಡ ಬಂತು. ಅವರು ಕೇಳಿದ ಪ್ರಶ್ನೆ ಭಾರಿ ಸರಳ. ಗಂಡನ ಚರ್ಮದ ಒಂದು ಚೂರು ತಂದು ಹೆಂಡತಿ ಕೈಗೆ ಕಸಿ ಮಾಡಿದ್ರೆ ಕೆಲವೇ ವಾರದಲ್ಲಿ ಅದು ಕಪ್ಪಾಗಿ ಉದುರಿಹೋಗುತ್ತೆ, ಅದೇ ಗಂಡನ ಅರ್ಧ ಜೀನ್ ಹೊತ್ತಿರೋ ಮಗು ಒಂಬತ್ತು ತಿಂಗಳು ಹೊಟ್ಟೇಲಿ ಹೇಗೆ ಇರುತ್ತೆ? ಮೂರು ಸಾಧ್ಯತೆ ಮುಂದಿಟ್ರು. ತಾಯಿ-ಮಗು ನಡುವೆ ಗೋಡೆ ಇರಬಹುದು, ಮಗುವಿನ ಗುರುತು ತಾಯಿಗೆ ಕಾಣ್ಸೋವಷ್ಟು ಬಲಿತಿರಲಿಕ್ಕಿಲ್ಲ, ಇಲ್ಲಾಂದ್ರೆ ತಾಯಿಯ ಇಮ್ಯುನಿಟಿನೇ ಮಲಗಿರಬಹುದು. ಪ್ರಶ್ನೆ ಎಷ್ಟು ಚೆನ್ನಾಗಿತ್ತು ಅಂದ್ರೆ ಮುಂದೆ ಹತ್ತಾರು ವರ್ಷ ಎಲ್ಲರೂ ಬಸಿರನ್ನ ಕಸಿ ಅಂತಾನೇ ನೋಡಿದ್ರು, ತಾಯಿ ದೇಹ ಅಂದ್ರೆ ದಾಳಿಗೆ ಕಾಯ್ತಿರೋ ಸೈನ್ಯ, ಮಗು ಅಂದ್ರೆ ಹೇಗೋ ಬಚ್ಚಿಟ್ಕೊಂಡಿರೋ ಪರಕೀಯ.

ಈ ಕಥೆ ಹಿಡ್ಕೊಂಡು ಟ್ರೀಟ್‌ಮೆಂಟೂ ಹುಟ್ಕೊಳ್ತು. ತಾಯಿಗೆ ಗಂಡನ ಜೀವಕೋಶಗಳ ಪರಿಚಯ ಮೊದಲೇ ಮಾಡಿಸಿಬಿಟ್ರೆ ಆಮೇಲೆ ಮಗೂನ ಬಿಟ್ಟುಬಿಡ್ತಾಳೆ ಅನ್ನೋ ಲೆಕ್ಕ. ಗಂಡನ ರಕ್ತ ತೆಗೆದು ಅದರಿಂದ ಬಿಳಿರಕ್ತಕಣ ಬೇರೆ ಮಾಡಿ ಹೆಂಡತಿಗೆ ಚುಚ್ಚೋದು. 1985ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂದ ಒಂದು ಟ್ರಯಲ್ ಇದು ಕೆಲಸ ಮಾಡುತ್ತೆ ಅಂತು, ಆಮೇಲೆ ಕೇಳ್ಬೇಕಾ, ಎಷ್ಟೋ ಕಡೆ ಶುರು ಮಾಡ್ಬಿಟ್ರು. ಹದಿನಾಲ್ಕು ವರ್ಷ ಆದ್ಮೇಲೆ 1999ರಲ್ಲಿ ಅದೇ ಪತ್ರಿಕೇಲಿ ಇನ್ನೊಂದು ಟ್ರಯಲ್ ಬಂತು, ಅದರಲ್ಲಿ ಅರ್ಧ ಜನಕ್ಕೆ ಗಂಡನ ಕಣ, ಇನ್ನರ್ಧ ಜನಕ್ಕೆ ಬರೀ ಸಲೈನ್. ಗಂಡನ ಕಣ ತಗೊಂಡವರಲ್ಲಿ 28 ವಾರ ದಾಟಿದ್ದು ಶೇ. 36, ಸಲೈನ್ ತಗೊಂಡವರಲ್ಲಿ ಶೇ. 48! ಉಪ್ಪುನೀರೇ ವಾಸಿ ಅನ್ನೋ ಹಾಗಾಯ್ತು. 2002ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸಂಶೋಧನೆಯ ಹೊರಗೆ ಇದನ್ನ ಮಾಡೋ ಹಾಗಿಲ್ಲ ಅಂತು.

ಇಷ್ಟರಲ್ಲಿ ಮೈಕ್ರೋಸ್ಕೋಪ್ ಹಿಡ್ಕೊಂಡು ಕೂತವರು ಬೇರೆನೇ ನೋಡ್ತಿದ್ರು. ಮೊದಲ ಮೂರು ತಿಂಗಳು ಗರ್ಭಕೋಶದ ಒಳಪದರದಲ್ಲಿರೋ ಇಮ್ಯೂನ್ ಕಣಗಳಲ್ಲಿ ಸುಮಾರು ಶೇ. 70 ಎನ್‌ಕೆ ಕಣಗಳೇ. ಹೌದು, ಅದೇ ಕೊಲೆಗಾರರು, ಎಲ್ಲಾ ತಾಯಂದಿರಲ್ಲೂ, ಬಸಿರು ಚೆನ್ನಾಗಿ ನಿಂತವರಲ್ಲೂ. ಕೊಲ್ಲೋಕೇ ಬಂದಿದ್ರೆ ಭೂಮಿ ಮೇಲೆ ಒಂದು ಮಗುನೂ ಹುಟ್ತಿರಲಿಲ್ಲ.

ಅವು ಅಲ್ಲಿ ಮಾಡೋದು ಮೇಸ್ತ್ರಿ ಕೆಲಸ. ಸ್ವಲ್ಪ ಹತ್ತಿರದಿಂದ ನೋಡೋಣ. ಗರ್ಭಕೋಶದ ಗೋಡೇಲಿ ಸುರುಳಿ ಸುರುಳಿಯಾಗಿರೋ ಸಣ್ಣ ರಕ್ತನಾಳಗಳಿವೆ, ಸುತ್ತ ಸ್ನಾಯುವಿನ ಪದರ, ಬಿಗಿ ಮಾಡಿದ್ರೆ ನಾಳ ಮುಚ್ಕೊಳ್ಳುತ್ತೆ, ಸಡಿಲ ಬಿಟ್ರೆ ತೆರೆಯುತ್ತೆ. ಬಸಿರಾಗದೆ ಇರೋವಾಗ ಅದು ಸರಿ. ಆದ್ರೆ ಮಗು ಬೆಳೀಬೇಕಾದ್ರೆ ರಕ್ತ ಹೊಳೆ ಥರ ನಿಧಾನಕ್ಕೆ, ನಿಲ್ಲದೆ ಬರ್ತಾನೇ ಇರ್ಬೇಕು, ಅಮ್ಮ ಓಡಿದ್ಲು ಅಂತ ಹೆದರಿದ್ಲು ಅಂತ ನಲ್ಲಿ ಬಂದಾಗಬಾರದು. ಎನ್‌ಕೆ ಕಣಗಳು ಆ ನಾಳಗಳ ಸುತ್ತ ಗುಂಪು ಕಟ್ಕೊಂಡು, ತಮ್ಮೊಳಗಿನ ರಾಸಾಯನಿಕ ಬಿಟ್ಟು ಸ್ನಾಯು ಪದರಾನ ಸಡಿಲ ಮಾಡ್ತವೆ. ಆಗ ಮಾಸಿನ ಕಡೆಯಿಂದ, ಅಂದ್ರೆ ಪ್ಲಾಸೆಂಟಾದಿಂದ, ಟ್ರೋಫೋಬ್ಲಾಸ್ಟ್ ಅನ್ನೋ ಕಣಗಳು ತೆವಳ್ಕೊಂಡು ಬಂದು ನಾಳದ ಒಳಗೋಡೆಯನ್ನೇ ಬದಲಾಯಿಸ್ತವೆ. ಸಣ್ಣ ಸುರುಳಿ ನಾಳ ಹೋಗಿ ಅಗಲವಾದ ಕಾಲುವೆ ಆಗುತ್ತೆ, ಅದನ್ನ ಮುಚ್ಚೋಕೆ ಸ್ನಾಯುನೇ ಇರಲ್ಲ. ತಾಯಿ ಕಣ, ಮಗು ಕಣ ಇಬ್ರೂ ಸೇರಿ ಮಾಡಿದ ಕೆಲಸ ಅದು. ಮೆಡವಾರ್ ಹೇಳಿದ ಗೋಡೆ ಇಲ್ಲೆಲ್ಲಿ ಬಂತು?

ಗುರುತು ವಿಷಯಾನೂ ಹಾಗೇ. ನಮ್ಮ ಕಣಗಳ ಮೈಮೇಲೆ ಎಚ್‌ಎಲ್‌ಎ ಅಂತ ಗುರುತಿನ ಪ್ರೋಟೀನ್ ಇರುತ್ತಲ್ಲ, ಅಂಗಾಂಗ ಕಸಿ ಮಾಡುವಾಗ ಮ್ಯಾಚ್ ಮಾಡ್ತಾರಲ್ಲ ಅದು, ಟ್ರೋಫೋಬ್ಲಾಸ್ಟ್ ಕಣ ಅದರಲ್ಲಿ ಜಗಳಕ್ಕೆ ಕಾರಣ ಆಗೋ ಎ ಮತ್ತು ಬಿ ತೋರ್ಸೋದೇ ಇಲ್ಲ, ಜಿ, ಇ ಮತ್ತು ಸಿ ಮಾತ್ರ ತೋರ್ಸುತ್ತೆ. ಅಪ್ಪನ ಕಡೆಯ ಸಿ-ನೂ ಅದರಲ್ಲಿ ಇರುತ್ತೆ, ಎನ್‌ಕೆ ಕಣ ಅದನ್ನ ಓದ್ತಾನೇ ಕೆಲಸ ಮಾಡುತ್ತೆ. ಕೇಂಬ್ರಿಜ್‌ನಲ್ಲಿ ಆಶ್ಲಿ ಮಾಫೆಟ್ ಅವರ ತಂಡ 2004ರಲ್ಲಿ ತೋರಿಸಿದ್ದು ನನಗೆ ಎಲ್ಲಕ್ಕಿಂತ ಮಜಾ ಅನ್ಸಿದ್ದು: ತಾಯಿಯ ಎನ್‌ಕೆ ಕಣದ ಮೇಲೆ ಗುರುತು ಓದೋ ಪ್ರೋಟೀನ್ ಮತ್ತೆ ಮಗುವಿನ ಸಿ ಗುರುತು ಒಂದು ನಿರ್ದಿಷ್ಟ ಜೋಡಿ ಆದ್ರೆ ಎನ್‌ಕೆ ತುಂಬಾ ತಣ್ಣಗಾಗಿಬಿಡುತ್ತೆ, ಆಗ ಪ್ರಿ-ಎಕ್ಲಾಂಪ್ಸಿಯಾ, ಅದೇ ಬಸುರಿಯರ ಬಿಪಿ ಕಾಯಿಲೆ, ಅದರ ಅಪಾಯ ಏರುತ್ತೆ. ಕೊಲೆಗಾರ ರೊಚ್ಚಿಗೆದ್ದಿದ್ದಕ್ಕೆ ಬಂದ ತೊಂದರೆ ಅಂತ ಎಲ್ಲರೂ ಹುಡುಕ್ತಿದ್ರೆ, ಇಲ್ಲಿ ಮೇಸ್ತ್ರಿ ಕೆಲಸಕ್ಕೆ ಚಕ್ಕರ್ ಹಾಕಿದ್ದಕ್ಕೆ ತೊಂದರೆ ಬಂದಿದೆ.

ಈಗ ಆ ರಿಪೋರ್ಟಿಗೆ ಬರೋಣ. ಅದರಲ್ಲಿರೋದು ತೋಳಿನ ರಕ್ತದ ಎನ್‌ಕೆ ಲೆಕ್ಕ. ಗರ್ಭಕೋಶದ ಎನ್‌ಕೆ ಬೇರೆ ಥರದ್ದು, ರೂಪ ಬೇರೆ, ಸ್ವಭಾವ ಬೇರೆ. ರಕ್ತದ್ದು ಎಣಿಸಿ ಗರ್ಭಕೋಶದ್ದು ಹೇಳಕ್ಕಾಗಲ್ಲ, ಜೊತೆಗೆ ರಕ್ತದ ಲೆಕ್ಕ ಮೆಟ್ಟಿಲು ಹತ್ತಿ ಬಂದ್ರೂ ಬದಲಾಗುತ್ತೆ. ಯುರೋಪಿನ ಫರ್ಟಿಲಿಟಿ ತಜ್ಞರ ಸಂಘಟನೆ ಎಶ್ರೆ ತನ್ನ ಮಾರ್ಗಸೂಚೀಲಿ ಪದೇ ಪದೇ ಮಿಸ್‌ಕ್ಯಾರೇಜ್ ಆದವರಿಗೆ ಈ ಟೆಸ್ಟ್ ಮಾಡಿಸಿ ಅನ್ನೋಕೆ ಸಾಕಷ್ಟು ಆಧಾರ ಇಲ್ಲ ಅಂತಾನೇ ಹೇಳುತ್ತೆ. ಈ ನಂಬರ್ ತೋರಿಸಿ ಸೋಯಾ ಎಣ್ಣೆಯ ಡ್ರಿಪ್ ಹಾಕ್ತಾರೆ, ಇಂಟ್ರಾಲಿಪಿಡ್ ಅಂತ, ಸ್ಟಿರಾಯ್ಡ್ ಕೊಡ್ತಾರೆ. ನನ್ನ ಪ್ರಕಾರ ಇದು ಗಂಡನ ಬಿಳಿರಕ್ತಕಣದ ಕಥೆಯ ಎರಡನೇ ಭಾಗ, ಸೈನ್ಯ ಅದೇ, ಆಯುಧ ಮಾತ್ರ ಹೊಸದು.

ಹಾಗಾದ್ರೆ ಇಮ್ಯುನಿಟಿಯಿಂದ ಮಿಸ್‌ಕ್ಯಾರೇಜ್ ಆಗೋದೇ ಇಲ್ವಾ ಅಂದ್ರೆ, ಆಗುತ್ತೆ. ಮೊದಲು ಒಂದು ಮಾತು, ಗೊತ್ತಾದ ಬಸಿರುಗಳಲ್ಲಿ ಸುಮಾರು ಶೇ. 15 ಹೋಗ್ತವೆ, ಅದರಲ್ಲಿ ಅರ್ಧದಷ್ಟು ಭ್ರೂಣದ ಕ್ರೋಮೋಸೋಮ್ ಲೆಕ್ಕ ತಪ್ಪಿದ್ದಕ್ಕೆ, ಯಾರ ಇಮ್ಯುನಿಟಿದೂ ತಪ್ಪಿಲ್ಲ. ಸತತ ಮೂರು ಹೋಗೋದು ನೂರರಲ್ಲಿ ಒಂದು ದಂಪತಿಗೆ. ಆ ಗುಂಪಿನಲ್ಲಿ ಇಮ್ಯುನಿಟಿ ಕಡೆಯಿಂದ ಕಾರಣ ಗಟ್ಟಿಯಾಗಿ ಗೊತ್ತಾಗಿರೋದು, ಟ್ರೀಟ್‌ಮೆಂಟೂ ಇರೋದು ಅಂದ್ರೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಲಂಡನ್ನಿನ ಗ್ರಹಾಂ ಹ್ಯೂಸ್ 1983ರಲ್ಲಿ ವಿವರಿಸಿದ್ದು. ದೇಹ ತನ್ನದೇ ಕಣಗಳ ಕೊಬ್ಬಿನ ಪೊರೆಗೆ ಅಂಟ್ಕೊಂಡಿರೋ ಪ್ರೋಟೀನ್ ಮೇಲೆ ಪ್ರತಿಕಾಯ, ಅಂದ್ರೆ ಆಂಟಿಬಾಡಿ, ಮಾಡುತ್ತೆ. 1997ರ ಒಂದು ಬ್ರಿಟಿಷ್ ಟ್ರಯಲಲ್ಲಿ ಇಂಥವರಿಗೆ ಬರೀ ಆಸ್ಪಿರಿನ್ ಕೊಟ್ಟಾಗ ಶೇ. 42, ಜೊತೆಗೆ ಹೆಪಾರಿನ್ ಇಂಜೆಕ್ಷನ್ ಕೊಟ್ಟಾಗ ಶೇ. 71 ಜನಕ್ಕೆ ಮಗು ಆಯ್ತು. ಇದೇ ಔಷಧಿಗಳನ್ನ ಕಾರಣ ಗೊತ್ತಿಲ್ಲದವರಿಗೆಲ್ಲ ಕೊಟ್ಟು ನೋಡಿದ ಟ್ರಯಲ್ 2010ರಲ್ಲಿ ಬಂತು, ಏನೂ ಉಪಯೋಗ ಆಗ್ಲಿಲ್ಲ. ಸರಿಯಾದ ಕಾಯಿಲೆಗೆ ಸರಿಯಾದ ಮದ್ದು, ಅಷ್ಟೆ.

ರಕ್ತ ಹೆಪ್ಪುಗಟ್ಟೋದ್ರಿಂದ ಹೀಗಾಗುತ್ತೆ, ಹೆಪಾರಿನ್ ಅದನ್ನ ತಡೆಯುತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ರು. 2004ರ ಸುಮಾರಿಗೆ ಇಲಿಗಳಲ್ಲಿ ನೋಡಿದ್ರೆ ಹೆಪಾರಿನ್ ಇನ್ನೊಂದು ಕೆಲಸಾನೂ ಮಾಡ್ತಿತ್ತು, ಕಾಂಪ್ಲಿಮೆಂಟ್ ಅನ್ನೋ ವ್ಯವಸ್ಥೆಯನ್ನ ತಡೀತಿತ್ತು. ಕಾಂಪ್ಲಿಮೆಂಟ್ ಅಂದ್ರೆ ರಕ್ತದಲ್ಲಿ ಓಡಾಡೋ ಒಂದಷ್ಟು ಪ್ರೋಟೀನ್, ಕೆಲಸ ಏನಂದ್ರೆ ತೆಗೆದು ಹಾಕಬೇಕಾದ್ದರ ಮೇಲೆ ಗುರುತು ಅಂಟಿಸೋದು, ಬ್ಯಾಕ್ಟೀರಿಯಾ ಮೇಲೋ ಸತ್ತ ಕಣದ ಮೇಲೋ. ಮಾಸಿನ ಮೇಲೆ ತಪ್ಪಾಗಿ ಅಂಟಿಸಿದ್ರೆ ಬಸಿರು ಹೋಗುತ್ತೆ.

ಈ ಕಾಂಪ್ಲಿಮೆಂಟ್ ಹೆಸರು ನೆನಪಿಟ್ಕೊಳ್ಳಿ, ಅವರ ಎರಡನೇ ಪ್ರಶ್ನೆಗೆ ದಾರಿ ಇಲ್ಲಿಂದಾನೇ.

2007ರಲ್ಲಿ ಬೆತ್ ಸ್ಟೀವನ್ಸ್, ಬೆನ್ ಬ್ಯಾರೆಸ್ ಅನ್ನೋ ಮಿದುಳು ವಿಜ್ಞಾನಿಗಳು ಮತ್ತು ಜೊತೆಗಾರರು ಇಲಿ ಮರಿಗಳ ಮಿದುಳಲ್ಲಿ ಇದೇ ಸಿ1ಕ್ಯು, ಸಿ3 ಅನ್ನೋ ಕಾಂಪ್ಲಿಮೆಂಟ್ ಪ್ರೋಟೀನ್ ಸಿನಾಪ್ಸ್ ಮೇಲೆ ಕೂತಿರೋದನ್ನ ಕಂಡ್ರು. ಸಿನಾಪ್ಸ್ ಅಂದ್ರೆ ಎರಡು ನರಕೋಶ ಮಾತಾಡೋ ಜಾಗ. ಮಗುವಿನ ಮಿದುಳು ಮೊದಲು ಬೇಕಾಬಿಟ್ಟಿ ಕನೆಕ್ಷನ್ ಮಾಡುತ್ತೆ, ಆಮೇಲೆ ಬೇಡದ್ದನ್ನ ಕಿತ್ತು ಹಾಕುತ್ತೆ, ಸಸಿ ಒತ್ತೊತ್ತಾಗಿ ಬಿದ್ದಾಗ ಕೆಲವನ್ನ ಕಿತ್ತು ಮಿಕ್ಕಿದ್ದಕ್ಕೆ ಜಾಗ ಮಾಡೋ ಹಾಗೆ. ಕೀಳೋರು ಯಾರು? ಮೈಕ್ರೋಗ್ಲಿಯಾ, ಮಿದುಳಿನ ಇಮ್ಯೂನ್ ಕಣ. ಇವು ಮಿದುಳಲ್ಲಿ ಹುಟ್ಟಿದವೂ ಅಲ್ಲ, ಭ್ರೂಣಕ್ಕಿನ್ನೂ ಕೆಲವೇ ವಾರ ಇದ್ದಾಗ ಯೋಕ್ ಸ್ಯಾಕ್ ಅಂತ ಭ್ರೂಣಕ್ಕೆ ಅಂಟ್ಕೊಂಡಿರೋ ಪುಟ್ಟ ಚೀಲದಿಂದ ವಲಸೆ ಬಂದು ನೆಲೆ ನಿಂತವು. ಸಿನಾಪ್ಸ್ ಮೇಲೆ ಕಾಂಪ್ಲಿಮೆಂಟ್ ಗುರುತು ಕಂಡ್ರೆ ಮೈಕ್ರೋಗ್ಲಿಯಾ ತನ್ನ ಕೊಂಬೆ ಚಾಚಿ, ಸುತ್ಕೊಂಡು, ನುಂಗುತ್ತೆ. ಅಲ್ಲಿ ಮೇಸ್ತ್ರಿ ಆದವರ ಬಳಗವೇ ಇಲ್ಲಿ ಮಾಲಿ.

ಆಟಿಸಂ ಇರೋ ಮಕ್ಕಳಲ್ಲಿ ಈ ಕೀಳೋ ಕೆಲಸ ಕಡಿಮೆ ಆಗಿರಬಹುದು ಅನ್ನೋದಕ್ಕೆ 2014ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಒಂದು ಸಾಕ್ಷಿ ಕೊಡ್ತು. ತೀರಿಹೋದ ಮಕ್ಕಳ ಮಿದುಳಿನ ತುಣುಕು ಇಟ್ಕೊಂಡು ನರಕೋಶದ ಮುಳ್ಳುಗಳನ್ನ ಎಣಿಸಿದ್ರು (ಒಂದೊಂದು ಮುಳ್ಳೂ ಒಂದು ಸಿನಾಪ್ಸಿನ ಜಾಗ, ಎಣಿಸಿದವರ ತಾಳ್ಮೆಗೆ ದೊಡ್ಡ ನಮಸ್ಕಾರ). ಆಟಿಸಂ ಇಲ್ಲದವರಲ್ಲಿ ಬಾಲ್ಯದಿಂದ ಹದಿಹರೆಯದ ಕೊನೆಗೆ ಬರೋ ಹೊತ್ತಿಗೆ ಮುಳ್ಳು ಅರ್ಧದಷ್ಟು ಕಡಿಮೆ ಆಗಿತ್ತು, ಆಟಿಸಂ ಇದ್ದವರಲ್ಲಿ ಶೇ. 16 ಮಾತ್ರ.

ಆಟಿಸಂ ಇರೋ ಮಕ್ಕಳ ತಲೆ ದೊಡ್ಡದು ಅನ್ನೋ ಮಾತೂ ಹಳೇದೇ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರೋ 11 ಮಕ್ಕಳ ಬಗ್ಗೆ ಮೊದಲ ಸಲ ಬರೆದಾಗಲೇ ಐದು ಮಕ್ಕಳ ತಲೆ ಸ್ವಲ್ಪ ದೊಡ್ಡದು ಅಂತ ಬರ್ಕೊಂಡಿದ್ರು. 2017ರಲ್ಲಿ, ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರೋ ಕೂಸುಗಳಿಗೆ ಮಲಗಿದ್ದಾಗಲೇ ಎಂಆರ್‌ಐ ಮಾಡಿ ನೋಡಿದ್ರು. ಮುಂದೆ ಆಟಿಸಂ ಅಂತ ಗೊತ್ತಾದವರಲ್ಲಿ 6ರಿಂದ 12 ತಿಂಗಳ ನಡುವೆ ಮಿದುಳಿನ ಹೊರಪದರ ಬೇಗ ಬೇಗ ಹರಡ್ತಿತ್ತು, ಎರಡನೇ ವರ್ಷದಲ್ಲಿ ಗಾತ್ರ ಮುಂದೆ ಓಡಿತ್ತು. ಹಾಗಂತ ಟೇಪು ಹಿಡಿದು ತಲೆ ಅಳೀಬೇಡಿ ದಯವಿಟ್ಟು. ಮೈಗೆ ಹೋಲಿಸಿದ್ರೆ ಮಿದುಳು ನಿಜಕ್ಕೂ ದೊಡ್ಡದಿರೋದು ಆಟಿಸಂ ಇರೋ ಗಂಡುಮಕ್ಕಳಲ್ಲಿ ಸುಮಾರು ಶೇ. 15ಕ್ಕೆ. ಎನಿಗ್ಮಾ ಅನ್ನೋ ಒಕ್ಕೂಟ ಆಟಿಸಂ ಇರೋ 1,571 ಜನರ ಸ್ಕ್ಯಾನನ್ನ ಇಲ್ಲದ 1,651 ಜನರ ಸ್ಕ್ಯಾನ್ ಜೊತೆ ಇಟ್ಟು ನೋಡ್ದಾಗ ವ್ಯತ್ಯಾಸ ಇತ್ತು, ಆದ್ರೆ ಎಷ್ಟು ಸಣ್ಣದು ಅಂದ್ರೆ ಒಂದು ಸ್ಕ್ಯಾನ್ ಕೈಗೆ ಕೊಟ್ಟು ಇದು ಯಾರದ್ದು ಹೇಳಿ ಅಂದ್ರೆ ಹೇಳಕ್ಕಾಗಲ್ಲ.

ತಾಯಿಯ ಇಮ್ಯುನಿಟಿ ಇಲ್ಲಿಗೆ ಎರಡು ಬಾಗಿಲಿಂದ ಬರುತ್ತೆ. ಒಂದು ಪ್ರತಿಕಾಯ. ತಾಯಿಯ ಐಜಿಜಿ ಪ್ರತಿಕಾಯ ಮಾಸು ದಾಟಿ ಮಗುಗೆ ಹೋಗುತ್ತೆ, ಹುಟ್ಟಿದ್ಮೇಲೆ ಮೊದಲ ತಿಂಗಳುಗಳಲ್ಲಿ ಕೂಸನ್ನ ಕಾಯೋದು ಅದೇ. ಕೆಲವು ತಾಯಂದಿರಲ್ಲಿ ಭ್ರೂಣದ ಮಿದುಳಿನ ಪ್ರೋಟೀನ್‌ಗೆ ಅಂಟೋ ಪ್ರತಿಕಾಯಾನೂ ಜೊತೇಲಿ ಹೋಗುತ್ತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ತಂಡ 2008ರಲ್ಲಿ ಆಟಿಸಂ ಇರೋ ಮಕ್ಕಳ 61 ತಾಯಂದಿರಲ್ಲಿ 7 ಜನಕ್ಕೆ ಇದರ ಒಂದು ನಿರ್ದಿಷ್ಟ ಜೋಡಿ ಕಂಡಿತು, ಹೋಲಿಕೆಗೆ ತಗೊಂಡ ತಾಯಂದಿರಲ್ಲಿ ಯಾರಿಗೂ ಇರಲಿಲ್ಲ. ಆಮೇಲೆ ಅಂಥ ಪ್ರತಿಕಾಯಾನ ಬಸುರಿ ಕೋತಿಗಳಿಗೆ ಕೊಟ್ಟು ನೋಡಿದ್ರು, ಹುಟ್ಟಿದ ಗಂಡು ಮರಿಗಳ ಮಿದುಳು ದೊಡ್ಡದಾಗಿತ್ತು.

ಇನ್ನೊಂದು ಬಾಗಿಲು ಸೋಂಕು. 1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹರಡಿ, ಸೋಂಕಿನ ಜೊತೆಗೇ ಹುಟ್ಟಿದ 243 ಮಕ್ಕಳನ್ನ ಮನೋವೈದ್ಯೆ ಸ್ಟೆಲ್ಲಾ ಚೆಸ್ ನೋಡಿದಾಗ 18 ಮಕ್ಕಳಲ್ಲಿ ಆಟಿಸಂ ಪೂರ್ತಿಯಾಗೋ ಅರೆಬರೆಯಾಗೋ ಇತ್ತು, ಆ ಕಾಲಕ್ಕೆ ಅದು ಭಾರಿ ದೊಡ್ಡ ಸಂಖ್ಯೆ. 2016ರಲ್ಲಿ ಇಲಿಗಳಲ್ಲಿ ದಾರಿನೂ ಸಿಕ್ತು: ತಾಯಿಗೆ ವೈರಸ್ ಬಂದ ಹಾಗೆ ನಾಟಕ ಮಾಡಿಸಿದ್ರೆ ಐಎಲ್-17ಎ ಅನ್ನೋ ಸಂದೇಶದ ಪ್ರೋಟೀನ್ ಏರಿ, ಮರಿಯ ಮಿದುಳಿನ ಹೊರಪದರದಲ್ಲಿ ಅಲ್ಲಲ್ಲಿ ಪದರಗಳು ಕಲಸಿ ತೇಪೆ ಥರ ಆಗ್ತಿತ್ತು, ಆ ಪ್ರೋಟೀನ್ ತಡೆದ್ರೆ ಆಗ್ತಿರಲಿಲ್ಲ. ತಮಾಷೆ ಏನಂದ್ರೆ ಒಬ್ಬ ಸಪ್ಲೈಯರ್ ಹತ್ರ ತಂದ ಇಲಿಗಳಲ್ಲಿ ಹೀಗಾಗ್ತಿತ್ತು, ಇನ್ನೊಬ್ಬರ ಇಲಿಗಳಲ್ಲಿ ಆಗ್ತಿರಲಿಲ್ಲ, ಹುಡುಕಿದ್ರೆ ಕಾರಣ ಕರುಳಿನ ಒಂದು ಬ್ಯಾಕ್ಟೀರಿಯಾ.

ಇಷ್ಟು ಓದಿದ್ಮೇಲೆ ತಾಯಂದಿರು ಹೆದರೋದು ಸಹಜ, ಅದಕ್ಕೇ ಇದನ್ನೂ ಹೇಳ್ಬೇಕು. ಐದು ದೇಶದ 20 ಲಕ್ಷ ಮಕ್ಕಳ ಲೆಕ್ಕ ತೆಗೆದ 2019ರ ಅಧ್ಯಯನದಲ್ಲಿ, ಆಟಿಸಂ ಯಾರಿಗೆ ಬರುತ್ತೆ ಅನ್ನೋ ವ್ಯತ್ಯಾಸದಲ್ಲಿ ಸುಮಾರು ಶೇ. 80 ಜೀನ್ ಪಾಲು ಅಂತ ಬಂತು. ಬಸುರೀಲಿ ಜ್ವರ ಬಂದ ತಾಯಂದಿರಲ್ಲಿ ಬಹುಪಾಲು ಜನರ ಮಕ್ಕಳಿಗೆ ಆಟಿಸಂ ಇರಲ್ಲ. 1950ರ ದಶಕದಲ್ಲಿ ಆಟಿಸಂ ಬರೋದು ಪ್ರೀತಿ ತೋರಿಸದ ತಣ್ಣನೆ ತಾಯಂದಿರಿಂದ ಅಂತ ದೊಡ್ಡ ದೊಡ್ಡವರೇ ಹೇಳಿ ಎಷ್ಟೋ ಮನೆ ಹಾಳು ಮಾಡಿದ್ರು, ಈಗ ಅದೇ ಆರೋಪ ಇಮ್ಯುನಿಟಿ ವೇಷ ಹಾಕ್ಕೊಂಡು ಬಂದ್ರೆ ನಂಗೆ ಸಿಟ್ಟು ಬರುತ್ತೆ.

ಅವರಿಗೆ ಕೊನೆಗೆ ಬರೆದಿದ್ದು ಇಷ್ಟು: ಆ ಎನ್‌ಕೆ ನಂಬರ್ ನಿಮ್ಮ ಮಕ್ಕಳನ್ನ ಸಾಯಿಸಿದೆ ಅನ್ನೋದಕ್ಕೆ ಆಧಾರ ಇಲ್ಲ, ಆಟಿಸಂ ಬಗ್ಗೆ ನಾನು ಮೇಲೆ ಹೇಳಿದ ಯಾವ ಸಂಶೋಧನೇಲೂ ಆ ನಂಬರ್ ಬರೋದೇ ಇಲ್ಲ. ಆಂಟಿಫಾಸ್ಫೋಲಿಪಿಡ್ ಟೆಸ್ಟ್ ಆಗಿದ್ಯಾ, ಹನ್ನೆರಡು ವಾರ ಬಿಟ್ಟು ಎರಡನೇ ಸಲ ಮಾಡಿಸಿದ್ರಾ ಅಂತ ಡಾಕ್ಟರನ್ನ ಕೇಳಿ, ಆ ಕಾಯಿಲೆ ಇದೆ ಅನ್ನೋಕೆ ಒಂದು ಸಲ ಪಾಸಿಟಿವ್ ಬಂದ್ರೆ ಸಾಕಾಗಲ್ಲ, ಎರಡು ಸಲ ಬರ್ಬೇಕು.

ಹತ್ತು ನಿಮಿಷ ಬಿಟ್ಟು ನಾಲ್ಕನೇ ಪೇಜಿನ ಫೋಟೋ ಬಂತು, ಒಂದು ಸಾಲಿನ ಸುತ್ತ ಬೆರಳಲ್ಲೇ ಗೀಚಿದ ಕೆಂಪು ವೃತ್ತ. ಕಾರ್ಡಿಯೋಲಿಪಿನ್ ಪ್ರತಿಕಾಯ, ಆಂಟಿಫಾಸ್ಫೋಲಿಪಿಡ್ ಟೆಸ್ಟಲ್ಲಿ ನೋಡೋದ್ರಲ್ಲಿ ಒಂದು, ನಾರ್ಮಲ್ ಮಿತಿಗಿಂತ ಮೇಲಿದೆ. ದಪ್ಪಕ್ಷರ ಇಲ್ಲ, ಬಾಣಾನೂ ಇಲ್ಲ. ಕೆಳಗೆ ಬರೆದಿದ್ರು: "ಇದನ್ನ ಒಂದೇ ಸಲ ಮಾಡಿಸಿದ್ದು, ಯಾರೂ ಏನೂ ಹೇಳ್ಲಿಲ್ಲ."