ಆ ಆರು ಹಾಡುಗಳು ಯಾರವು?

ಹಾಡು ಒಂದೇ. ಒಂದು ಕಡೆ ಸಂಯೋಜನೆ ಫೆಲಿಕ್ಸ್ ಮೆಂಡೆಲ್ಸನ್ ಎಂದಿರುತ್ತದೆ, ಇನ್ನೊಂದು ಕಡೆ ಫ್ಯಾನಿ ಹೆನ್ಸೆಲ್ ಎಂದು. ಕೇಳುವವರಿಗೆ ತಲೆ ಕೆಡುತ್ತದೆ, ಅಲ್ವಾ? ಇದು ಜರ್ಮನಿಯ ಇಬ್ಬರು ಸಂಗೀತ ಸಂಯೋಜಕರ, ಅಕ್ಕ ಫ್ಯಾನಿ ಮತ್ತು ತಮ್ಮ ಫೆಲಿಕ್ಸ್ ಅವರ ಕತೆ.

ಫ್ಯಾನಿ ಹುಟ್ಟಿದ್ದು 1805ರಲ್ಲಿ ಹ್ಯಾಂಬರ್ಗ್‌ನಲ್ಲಿ, ಬೆಳೆದದ್ದು ಬರ್ಲಿನ್‌ನಲ್ಲಿ. ಫೆಲಿಕ್ಸ್ ಮೂರು ವರ್ಷ ಚಿಕ್ಕವರು. ಇಬ್ಬರೂ ಕಲಿತದ್ದು ಜೆಲ್ಟರ್ ಎಂಬ ಒಬ್ಬರೇ ಗುರುವಿನ ಹತ್ತಿರ. 1820ರಲ್ಲಿ ತಂದೆ ಮಗಳಿಗೊಂದು ಪತ್ರ ಬರೆದರು. ಸಂಗೀತ ತಮ್ಮನಿಗೆ ಕಸುಬಾಗಬಹುದು, ನಿನಗೆ ಅದು ಒಡವೆ ಮಾತ್ರ ಎಂಬುದು ಅದರ ಸಾರ. ಆಗ ಫ್ಯಾನಿಗೆ 14 ವರ್ಷ. ಅನುಕೂಲಸ್ಥ ಮನೆಯ ಹೆಣ್ಣುಮಕ್ಕಳು ಹಾಡು ಕಟ್ಟಿದರೆ ಸಂತೋಷ, ಅಚ್ಚು ಹಾಕಿಸಿ ಮಾರಿದರೆ ಮುಜುಗರ. ಕಾಲವೇ ಹಾಗಿತ್ತು. ಆದರೂ ಆದ ನಷ್ಟ ನಷ್ಟವೇ.

ಕವಿತೆಗೆ ಸ್ವರ ಹಾಕಿ, ಒಂದು ದನಿ ಮತ್ತು ಪಿಯಾನೋಗೆ ಹೊಂದಿಸುವುದೇ ಜರ್ಮನ್ ಲೀಡ್. ಫ್ಯಾನಿ ಇಂಥವನ್ನು ಸುಮಾರು 250 ಬರೆದರು. 1827ರಿಂದ 1830ರೊಳಗೆ ಫೆಲಿಕ್ಸ್ ಓಪಸ್ 8, ಓಪಸ್ 9 ಎಂದು (ಓಪಸ್ ಅಂದರೆ ಕೃತಿಸಂಖ್ಯೆ) ತಲಾ 12 ಹಾಡುಗಳ ಎರಡು ಸಂಗ್ರಹ ತಂದರು. ಎರಡರಲ್ಲೂ ಮೂರು ಮೂರು ಹಾಡು ಅಕ್ಕನವು. ಅಚ್ಚಾದದ್ದು ತಮ್ಮನ ಹೆಸರಲ್ಲಿ.

1842ರಲ್ಲಿ ಲಂಡನ್ನಿನ ಅರಮನೆಯಲ್ಲಿ ವಿಕ್ಟೋರಿಯಾ ರಾಣಿ ಫೆಲಿಕ್ಸ್ ಎದುರು ಅವರದೇ ಪುಸ್ತಕದಿಂದ ಒಂದು ಹಾಡು ಆರಿಸಿ ಹಾಡಿದರು. ಅದು ಫ್ಯಾನಿಯ ‘ಇಟಾಲಿಯೆನ್’! ಫೆಲಿಕ್ಸ್ ಮುಚ್ಚಿಡಲಿಲ್ಲ. ಇದು ನನ್ನ ಅಕ್ಕನದು ಎಂದು ಅಲ್ಲೇ ಒಪ್ಪಿಕೊಂಡರು, ಅದನ್ನು ಅಮ್ಮನಿಗೂ ಬರೆದು ತಿಳಿಸಿದರು. ಅದೇ ಫೆಲಿಕ್ಸ್ 1837ರಲ್ಲಿ ಅಮ್ಮ ಕೇಳಿಕೊಂಡಾಗ, ಪ್ರಕಟಿಸು ಎಂದು ಅಕ್ಕನಿಗೆ ತಾನು ಹೇಳಲಾರೆ ಎಂದಿದ್ದರು. ಪ್ರೀತಿಗೆ ಕೊರತೆ ಇರಲಿಲ್ಲ. ಅದಕ್ಕೇ ಓದುವಾಗ ಸಂಕಟ ಜಾಸ್ತಿ.

ಗಂಡ, ಚಿತ್ರಕಾರ ವಿಲ್ಹೆಲ್ಮ್ ಹೆನ್ಸೆಲ್, ಮೊದಲಿನಿಂದಲೂ ಪ್ರಕಟಿಸು ಎನ್ನುತ್ತಿದ್ದರು. ಬರ್ಲಿನ್ ಮನೆಯ ಭಾನುವಾರದ ಸಂಗೀತ ಕಛೇರಿಗಳಿಗೆ ಜನ ತುಂಬುತ್ತಿದ್ದರು. ಕೊನೆಗೆ 1846ರಲ್ಲಿ, 40 ದಾಟಿದ ಮೇಲೆ, ಫ್ಯಾನಿ ತಾವೇ ನಿರ್ಧರಿಸಿ ಬೇರೆ ಆರು ಹಾಡುಗಳನ್ನು ಓಪಸ್ 1 ಎಂದು ತಮ್ಮದೇ ಹೆಸರಲ್ಲಿ ತಂದರು. ತಮ್ಮನೂ ಹರಸಿ ಬರೆದರು. ಆದರೆ ದಿನಗಳು ಉಳಿದಿರಲಿಲ್ಲ. 1847ರ ಮೇ 14ರಂದು, ಕಛೇರಿಯ ತಾಲೀಮಿನ ನಡುವೆ ಪಾರ್ಶ್ವವಾಯು ಬಡಿಯಿತು. ಅಂದೇ ತೀರಿಕೊಂಡರು. ಹಿಂದಿನ ದಿನವಷ್ಟೇ ಒಂದು ಹೊಸ ಹಾಡು ಮುಗಿಸಿದ್ದರು. ಅದರ ಕೊನೆಯ ಸಾಲು, ಸ್ವರಗಳ ಸಮೇತ, ಅವರ ಸಮಾಧಿಯ ಕಲ್ಲಿನ ಮೇಲಿದೆ. ಆರು ತಿಂಗಳೊಳಗೆ ಫೆಲಿಕ್ಸ್ ಕೂಡ ಹೋದರು.

ಮುಂದೆ ನೂರಕ್ಕೂ ಹೆಚ್ಚು ವರ್ಷ ಫ್ಯಾನಿಯ ಬಹುಪಾಲು ಹಸ್ತಪ್ರತಿಗಳು ಹಾಗೇ ಉಳಿದವು. 1980ರ ದಶಕದಿಂದೀಚೆಗೆ ಒಂದೊಂದಾಗಿ ಅಚ್ಚಾದವು. ಹೆಸರಿನ ಗೊಂದಲ ಹಾಡಿಗಷ್ಟೇ ನಿಲ್ಲಲಿಲ್ಲ. ಅವರ ‘ಈಸ್ಟರ್ ಸೊನಾಟಾ’ ಎಂಬ ಪಿಯಾನೋ ಕೃತಿ 1970ರ ದಶಕದಲ್ಲಿ ಫೆಲಿಕ್ಸ್ ಹೆಸರಲ್ಲೇ ರೆಕಾರ್ಡ್ ಆಯಿತು. ಕೈಬರಹ ಮತ್ತು ಪುಟಸಂಖ್ಯೆ ತಾಳೆ ನೋಡಿದ ಮೇಲೆ, 2017ರಲ್ಲಿ ಲಂಡನ್ನಿನ ವೇದಿಕೆಯಲ್ಲಿ ಅದು ಫ್ಯಾನಿಯ ಕೃತಿಯಾಗಿ ಕೇಳಿಸಿತು.

ಇನ್ನು ತಮ್ಮನ ಹೆಸರಲ್ಲಿ ಅಚ್ಚಾದ ಆ ಆರು ಹಾಡು. ಓಪಸ್ 8ರಲ್ಲಿ 2, 3, 12. ಓಪಸ್ 9ರಲ್ಲಿ 7, 10, 12. ಮೇಲೆ ಯಾವ ಹೆಸರಿದ್ದರೂ ಇವು ಫ್ಯಾನಿಯವು.