ರೀಮ್ಯಾಪ್ ಆಗಿರುವ ಸೆಕೆಂಡ್‌ಹ್ಯಾಂಡ್ ಟರ್ಬೊ ಸೆಡಾನ್ ತಗೋಬಹುದಾ?

ಪ್ರಶ್ನೆ: ನಾನು ಧಾರವಾಡದವನು. ಪುಣೆಯ ವಾಕಡ್‌ನಲ್ಲಿ ಮನೆ, ಹಿಂಜವಡಿಯಲ್ಲಿ ಕೆಲಸ. 2022ರ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಒಂದನ್ನು ನೋಡಿದ್ದೇನೆ. ತುಂಬಾ ಕಡಿಮೆ ಓಡಿದೆ. ಬಲ ಹೆಚ್ಚಿಸಲು ಇಂಜಿನ್‌ನ ಸಾಫ್ಟ್‌ವೇರ್ ಬದಲಿಸಿದ್ದಾರೆ, ಅಂದರೆ ರೀಮ್ಯಾಪ್. ಮಾಲೀಕರು ‘ಸ್ಟೇಜ್ 1 ಮಾಡಿಸಿದ್ದೇನೆ, ಬೇಡ ಅಂದ್ರೆ ಸ್ಟಾಕ್‌ಗೆ (ಮೊದಲಿದ್ದ ಹಾಗೆ) ಹಾಕಿ ಕೊಡ್ತೀನಿ’ ಅನ್ನುತ್ತಾರೆ. ಬೆಲೆಯೂ ಬೇರೆಯವರಿಗಿಂತ ಕಮ್ಮಿ. ತಗೋಬಹುದಾ? ಇಲ್ಲ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಡೆ ಹೋಗಲಾ?

ಉತ್ತರ: ಬೇರೆ ಬೇರೆ ಕಾರಿನ ಹೆಸರಿನಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ನಿಮ್ಮ ವಿಷಯದಲ್ಲಿ ಮಾತ್ರ ಉತ್ತರ ಚಿಕ್ಕದು: ಆ ವರ್ಟಸ್ ಬಿಟ್ಟುಬಿಡಿ.

ಇಂಜಿನ್ ಕೆಟ್ಟದು ಅಂತಲ್ಲ. 1.5 ಟಿಎಸ್‌ಐ ಟರ್ಬೊ ಪೆಟ್ರೋಲ್ ಗಟ್ಟಿ ಇಂಜಿನ್ನೇ. ತೊಂದರೆ ಇರುವುದು ಗೇರ್‌ಬಾಕ್ಸ್‌ನಲ್ಲಿ. 2022ರ ಜಿಟಿ ಅಂದಮೇಲೆ ಅದು ಡಿಎಸ್‌ಜಿಯೇ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್. ಮ್ಯಾನುಯಲ್ ಬಂದಿದ್ದು 2023ರಲ್ಲಿ. ಈ ಡಿಎಸ್‌ಜಿ ಡ್ರೈ ಕ್ಲಚ್ ಇರುವ 7 ಗೇರಿನದು, ಕಂಪನಿಯ ಭಾಷೆಯಲ್ಲಿ ಡಿಕ್ಯೂ200. ಇದನ್ನು ತಯಾರಿಸಿರುವುದು 250 ಎನ್‌ಎಂ ಟಾರ್ಕ್ (ಇಂಜಿನ್‌ನ ತಿರುಗಿಸುವ ಬಲ) ತಡೆದುಕೊಳ್ಳಲಿ ಅಂತ. ವರ್ಟಸ್ ಜಿಟಿ ಶೋರೂಮಿನಿಂದ ಬರುವಾಗಲೇ ಎಷ್ಟು ಟಾರ್ಕ್ ಕೊಡುತ್ತದೆ? ಸರಿಯಾಗಿ 250 ಎನ್‌ಎಂ. ಅಂದರೆ ಚಾಕಣ್‌ನ ಕಾರ್ಖಾನೆಯಿಂದ ಹೊರಬರುವ ಹೊತ್ತಿಗೇ ಗೇರ್‌ಬಾಕ್ಸ್ ತನ್ನ ಮಿತಿಯ ಅಂಚಿನಲ್ಲಿದೆ.

ರೀಮ್ಯಾಪ್‌ನಲ್ಲಿ ಮಾಡುವುದೇನು? ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುತ್ತಾರೆ. ಟರ್ಬೊ ಇನ್ನಷ್ಟು ಗಾಳಿ ಒತ್ತುತ್ತದೆ, ಸ್ಪಾರ್ಕ್‌ನ ಸಮಯ ಹಿಂದೆಮುಂದೆ ಆಗುತ್ತದೆ, ‘ಇಷ್ಟಕ್ಕಿಂತ ಜಾಸ್ತಿ ಟಾರ್ಕ್ ಬೇಡ’ ಅನ್ನುವ ಮಿತಿಯನ್ನು ಮೇಲಕ್ಕೆ ಎತ್ತುತ್ತಾರೆ. ಯಾವ ಭಾಗವನ್ನೂ ಬದಲಿಸದೆ ಸಾಫ್ಟ್‌ವೇರ್ ಮಾತ್ರ ಮುಟ್ಟಿದರೆ ಅದು ಸ್ಟೇಜ್ 1. ಈ ಇಂಜಿನ್‌ನಲ್ಲಿ 300 ಎನ್‌ಎಂ ದಾಟಿಸುತ್ತೇವೆ ಅನ್ನುವುದು ಟ್ಯೂನರ್‌ಗಳ ಮಾಮೂಲಿ ಮಾತು. ಇಂಜಿನ್ ಅದನ್ನು ತಡೆಯಬಹುದು. ಕ್ಲಚ್?

ಇದು ಸುಮ್ನೆ ಹೆದರಿಸುವ ಮಾತು ಅನ್ನುವವರಿಗೆ ಕಂಪನಿಯೇ ಕೊಟ್ಟ ಸಾಕ್ಷಿ ಇದೆ. 2016ರಲ್ಲಿ ಇಲ್ಲಿಗೆ ಬಂದ ಸ್ಕೋಡಾ ಸೂಪರ್ಬ್ 1.8 ಟಿಎಸ್‌ಐ ನೋಡಿ. ಮ್ಯಾನುಯಲ್ ತಗೊಂಡರೂ ಡಿಎಸ್‌ಜಿ ತಗೊಂಡರೂ 180 ಪಿಎಸ್ (ಅಶ್ವಶಕ್ತಿ). ಆದರೆ ಮ್ಯಾನುಯಲ್‌ನಲ್ಲಿ 320 ಎನ್‌ಎಂ, ಡಿಎಸ್‌ಜಿಯಲ್ಲಿ 250 ಮಾತ್ರ. ಇಂಜಿನ್ ಒಂದೇ. ಗೇರ್‌ಬಾಕ್ಸ್ ಉಳಿಯಲಿ ಅಂತ ತಯಾರಿಸಿದವರೇ 70 ಎನ್‌ಎಂ ಕೈಬಿಟ್ಟರು. ಕಾರ್ಖಾನೆ ಹಾಕಿದ ಆ ಗೆರೆಯನ್ನು ಲ್ಯಾಪ್‌ಟಾಪ್ ಹಿಡಿದು ಅರ್ಧ ಗಂಟೆಯಲ್ಲಿ ಅಳಿಸಬಹುದು. ಅಳಿಸಿದ್ದಕ್ಕೆ ದುಡ್ಡು ಕೊಡುವವನು ಎರಡನೇ ಮಾಲೀಕ.

‘ನನ್ನ ಸ್ನೇಹಿತನ ಕಾರು ಸ್ಟೇಜ್ 1ರಲ್ಲೇ ವರ್ಷಗಟ್ಟಲೆ ಓಡಿದೆ, ಏನೂ ಆಗಿಲ್ಲ’ ಅನ್ನುವವರೂ ಇದ್ದಾರೆ. ನಿಜವೇ ಇರಬಹುದು. ಆ ಸ್ನೇಹಿತ ಆಕ್ಸಿಲರೇಟರ್ ಹೇಗೆ ತುಳಿಯುತ್ತಾನೆ ಅಂತ ಅವನಿಗೆ ಗೊತ್ತು. ನೀವು ನೋಡಿದ ಕಾರಿನ ಮಾಲೀಕ ಹೇಗೆ ತುಳಿದಿದ್ದಾನೆ ಅಂತ ನಿಮಗೆ ಗೊತ್ತಿಲ್ಲ.

ಇನ್ನು ‘ಕಡಿಮೆ ಓಡಿದೆ’ ಅನ್ನುವ ಮಾತು. ಬೇರೆ ಕಾರಿಗೆ ಇದು ಒಳ್ಳೆಯ ಸುದ್ದಿ. ಡ್ರೈ ಕ್ಲಚ್ ಕಾರಿಗೆ ಅಷ್ಟು ನೇರ ಅಲ್ಲ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ ಓಡುವಾಗ ಕ್ಲಚ್‌ಗೆ ಕೆಲಸವೇ ಇಲ್ಲ, ಅದು ಪೂರ್ತಿ ಹಿಡಿದುಕೊಂಡಿರುತ್ತದೆ. ಹಿಂಜವಡಿಯಲ್ಲಿ ಸಂಜೆ ಆರಕ್ಕೆ ಆಫೀಸು ಬಿಟ್ಟು ಆಮೆ ವೇಗದಲ್ಲಿ ತೆವಳುತ್ತೀರಲ್ಲ, ಆಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತದೆ. ಡ್ರೈ ಕ್ಲಚ್‌ಗೆ ತಂಪು ಮಾಡುವ ಎಣ್ಣೆಯೂ ಇಲ್ಲ. ಹುಬ್ಬಳ್ಳಿ–ಪುಣೆ ಓಡಾಡಿ 80 ಸಾವಿರ ಕಿಲೋಮೀಟರ್ ಮಾಡಿದ ಕಾರಿನ ಕ್ಲಚ್, ಬರೀ ಆಫೀಸಿಗೆ ಹೋಗಿಬಂದು 30 ಸಾವಿರ ಮಾಡಿದ ಕಾರಿಗಿಂತ ಚೆನ್ನಾಗಿರುವ ಸಾಧ್ಯತೆ ಇದೆ. ಓಡೋಮೀಟರ್ ನೋಡುವ ಮೊದಲು ಮಾಲೀಕರ ಆಫೀಸು ಎಲ್ಲಿ ಅಂತ ಕೇಳಿ.

‘ಸ್ಟಾಕ್‌ಗೆ ಹಾಕಿ ಕೊಡ್ತೀನಿ’ ಅನ್ನುವುದು ಉದಾರತೆ ಅಂತ ಅನಿಸಬಹುದು. ವಾಪಸ್ ಹೋಗುವುದು ಸಾಫ್ಟ್‌ವೇರ್ ಮಾತ್ರ. ಸವೆದ ಕ್ಲಚ್ ವಾಪಸ್ ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಕಂಪ್ಯೂಟರಿಗೆ ಎಷ್ಟು ಸಲ ಹೊಸ ಸಾಫ್ಟ್‌ವೇರ್ ಬರೆದಿದ್ದಾರೆ ಅನ್ನುವ ಎಣಿಕೆ ಒಳಗೆ ಉಳಿಯಬಹುದು. ಸರ್ವಿಸ್ ಸೆಂಟರ್‌ನ ಸ್ಕ್ಯಾನ್‌ನಲ್ಲಿ ಕೈಯಾಡಿಸಿದ್ದು ಸಿಕ್ಕಿಬಿದ್ದರೆ ಕಾರಿನ ದಾಖಲೆಗೆ ‘ಟಿಡಿ1’ ಅಂತ ಗುರುತು ಬೀಳುತ್ತದೆ. ಅಲ್ಲಿಂದಾಚೆ ಇಂಜಿನ್, ಗೇರ್‌ಬಾಕ್ಸ್ ವಾರಂಟಿ ಕೇಳಲು ಹೋದರೆ ಬಾಗಿಲು ಮುಚ್ಚಿದಂತೆಯೇ. ವರ್ಟಸ್‌ಗೆ ಕಂಪನಿ ಕೊಟ್ಟಿದ್ದು 4 ವರ್ಷ ಅಥವಾ 1 ಲಕ್ಷ ಕಿ.ಮೀ. ವಾರಂಟಿ. 2022ರ ಕಾರಿಗೆ ಅದು 2026ಕ್ಕೆ ಮುಗಿಯುತ್ತದೆ. ಜಾಸ್ತಿ ವರ್ಷಕ್ಕೆ ವಿಸ್ತರಿಸಿದ್ದಾರೆ ಅಂದರೆ ಅದು ಈಗಲೂ ಜೀವಂತ ಇದೆಯಾ ಅಂತ ಚಾಸಿಸ್ ನಂಬರ್ ಕೊಟ್ಟು ಸರ್ವಿಸ್ ಸೆಂಟರ್‌ನಲ್ಲೇ ಕೇಳಿ. ಮಾಲೀಕರ ಮಾತು ಸಾಲದು.

ವಿಮೆಯ ಕಥೆಯೂ ಇಷ್ಟೇ. ಬದಲಾವಣೆ ಹೇಳದೆ ಪಾಲಿಸಿ ತಗೊಂಡರೆ ಕ್ಲೈಮ್ ಸಮಯದಲ್ಲಿ ಕಂಪನಿಗೆ ತಗಾದೆ ತೆಗೆಯಲು ಒಂದು ಕಾರಣ ಕೊಟ್ಟಂತೆ. ಕಾನೂನಿನ ಮಾತು ಬಂದರೆ, ತಯಾರಕರು ಹೇಳಿದ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. ಗುಡುಗುವ ಸೈಲೆನ್ಸರ್ ಇದ್ದರಂತೂ ಪೊಲೀಸರಿಗೆ ಹುಡುಕುವ ಕೆಲಸವೇ ಇಲ್ಲ.

ಹಾಗಾದರೆ ಆರ್‌ಎಸ್? ಇಲ್ಲಿ ನನ್ನ ಮನಸ್ಸು ಸ್ವಲ್ಪ ಮೆದು. 2017ರಲ್ಲಿ ಬಂದ ಆಕ್ಟೇವಿಯಾ ಆರ್‌ಎಸ್230ಯಲ್ಲಿ 2.0 ಟಿಎಸ್‌ಐ, 230 ಪಿಎಸ್, 350 ಎನ್‌ಎಂ. ಅದರ 6 ಗೇರಿನ ಡಿಎಸ್‌ಜಿಯ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಬಿಸಿ ತಡೆಯುವ ವಿಷಯದಲ್ಲಿ ಇದು ಬೇರೆಯೇ ಜಾತಿ. 2020ರ ಆರ್‌ಎಸ್245 ಇನ್ನೊಂದು ಹೆಜ್ಜೆ ಮೇಲೆ: 245 ಪಿಎಸ್, 370 ಎನ್‌ಎಂ, 7 ಗೇರಿನ ವೆಟ್ ಕ್ಲಚ್, ಜೊತೆಗೆ ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಈ ಡಿಫರೆನ್ಷಿಯಲ್ ಹೆಸರಿಗೆ ಹಾಕಿದ್ದಲ್ಲ. ಮುಂದಿನ ಎರಡು ಚಕ್ರಕ್ಕೇ ಇಷ್ಟು ಟಾರ್ಕ್ ಹೋದರೆ ತಿರುವಿನಲ್ಲಿ ಒಳಗಿನ ಚಕ್ರ ಸುಮ್ಮನೆ ತಿರುಗಿ ಟೈರ್ ಸುಡುತ್ತದೆ. ಅದನ್ನು ತಡೆದು ಬಲವನ್ನು ಹೊರಗಿನ ಚಕ್ರಕ್ಕೆ ಕಳಿಸುವುದು ಇದರ ಕೆಲಸ. ಖಂಬಾಟ್ಕಿ ಘಾಟ್ ಹತ್ತುವಾಗ ಅದರ ಬೆಲೆ ಗೊತ್ತಾಗುತ್ತದೆ.

ಇಂಡಿಯಾಕ್ಕೆ ಬಂದಿದ್ದು 245ರ 200 ಕಾರುಗಳು ಮಾತ್ರ. ಆಗಿನ ಎಕ್ಸ್ ಶೋರೂಮ್ ಬೆಲೆ 35.99 ಲಕ್ಷ. ಇಂಥ ಕಾರಿನ ಬೆಲೆ ಮಾಮೂಲಿ ಸೆಡಾನ್‌ನ ಹಾಗೆ ಇಳಿಯುವುದಿಲ್ಲ. ಚೌಕಾಸಿ ಮಾಡಿದರೆ ಮಾರುವವರು ‘ಸರಿ, ಬೇರೆ ಕಡೆ ನೋಡಿ’ ಅನ್ನುತ್ತಾರೆ. ಅಗ್ಗದ ಆರ್‌ಎಸ್ ಸಿಕ್ಕಿತು ಅಂದರೆ ಖುಷಿಪಡುವ ಮೊದಲು ಅನುಮಾನ ಪಡಿ.

ಅನುಮಾನಕ್ಕೆ ಇನ್ನೊಂದು ಕಾರಣವೂ ಇದೆ. ಮಾಮೂಲಿ ಆಕ್ಟೇವಿಯಾಗೆ ಆರ್‌ಎಸ್ ಬಂಪರ್, ಕಪ್ಪು ಗ್ರಿಲ್, ಬ್ಯಾಡ್ಜ್ ಹಾಕಿದ ಕಾರುಗಳು ಊರಲ್ಲಿ ಬೇಕಾದಷ್ಟಿವೆ. ಆರ್‌ಸಿ ತೆಗೆದು ಸಿಸಿ ನೋಡಿ. 230, 245 ಎರಡೂ 1984 ಸಿಸಿ. ಮಾಮೂಲಿ 1.8 ಟಿಎಸ್‌ಐ 1798 ಸಿಸಿ. ವರ್ಟಸ್‌ಗೂ ಇದೇ ಪರೀಕ್ಷೆ ಬೇಕು. 2024ರಿಂದ ‘ಜಿಟಿ ಲೈನ್’ ಅಂತ ಬರುತ್ತಿರುವುದರಲ್ಲಿ 1.0 ಇಂಜಿನ್ ಇದೆ. 1498 ಸಿಸಿ ಇದ್ದರೆ ನಿಜವಾದ ಜಿಟಿ, 999 ಇದ್ದರೆ ವೇಷ ಮಾತ್ರ.

ನಿಜವಾದ ಆರ್‌ಎಸ್ ಸಿಕ್ಕಿದರೆ ಮೊದಲು ಕೇಳಬೇಕಾದ ಕಾಗದ ಡಿಎಸ್‌ಜಿ ಎಣ್ಣೆ ಬದಲಿಸಿದ ಬಿಲ್. 230ರ 6 ಗೇರಿನ ಬಾಕ್ಸ್‌ಗೆ 60 ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ, ಫಿಲ್ಟರ್ ಎರಡೂ ಬದಲಾಗಬೇಕು. ಬಿಲ್ ಇಲ್ಲದಿದ್ದರೆ ಆಗಿಲ್ಲ ಅಂತಲೇ ಲೆಕ್ಕ ಹಾಕಿ. ಎರಡನೆಯದು ಕೂಲೆಂಟ್. ಈ ಇಂಜಿನ್‌ನ ವಾಟರ್ ಪಂಪ್ ಮತ್ತು ಥರ್ಮೋಸ್ಟ್ಯಾಟ್ ಕೂರುವ ಪ್ಲಾಸ್ಟಿಕ್ ಹೌಸಿಂಗ್ ಕಾಲಕ್ರಮೇಣ ಸೋರುವುದಕ್ಕೆ ಹೆಸರುವಾಸಿ. ಟ್ಯಾಂಕ್‌ನಲ್ಲಿ ಮಟ್ಟ ಕಮ್ಮಿ ಇದ್ದರೆ, ಇಂಜಿನ್ ಪಕ್ಕ ಒಣಗಿದ ಗುಲಾಬಿ ಕಲೆ ಇದ್ದರೆ ಅದೇ. ಮೂರನೆಯದು ರಿಮ್. 245ಕ್ಕೆ 18 ಇಂಚಿನ ಚಕ್ರ, ತೆಳ್ಳಗಿನ ಟೈರ್. ಪುಣೆಯ ಮಳೆಗಾಲದ ಗುಂಡಿಗಳಲ್ಲಿ ರಿಮ್ ಸೊಟ್ಟಗಾಗದೆ ಉಳಿದಿದ್ದರೆ ಮಾಲೀಕರಿಗೆ ನಮಸ್ಕಾರ ಹೇಳಬೇಕು. ಚಕ್ರದ ಒಳಬದಿಯನ್ನು ನೋಡಿ, ಹೊರಗಿನ ಹೊಳಪಿಗೆ ಮರುಳಾಗಬೇಡಿ.

ಆರ್‌ಎಸ್ ಕೂಡ ರೀಮ್ಯಾಪ್ ಆಗಿದ್ದರೆ? ಆಗ ನಾನು ಕಾರಿಗಿಂತ ಮಾಲೀಕರನ್ನು ನೋಡುತ್ತೇನೆ. ಮಾಡಿದವರ ಬಿಲ್, ಮೊದಲಿನ ಮತ್ತು ನಂತರದ ಬಲ ಅಳೆದ ಡೈನೋ ಹಾಳೆ, ಮೂಲ ಫೈಲ್, ಸ್ಪಾರ್ಕ್ ಪ್ಲಗ್ ಬದಲಿಸಿದ ದಾಖಲೆ, ಕಂಪನಿ ಹೇಳಿದ್ದಕ್ಕಿಂತ ಬೇಗ ಇಂಜಿನ್ ಆಯಿಲ್ ಬದಲಿಸಿದ ಬಿಲ್. ಇಷ್ಟನ್ನೂ ಕಡತ ಮಾಡಿ ಇಟ್ಟವರು ಕಾರನ್ನು ಪ್ರೀತಿಯಿಂದ ಓಡಿಸಿರುತ್ತಾರೆ. ಯಾವ ಪೆಟ್ರೋಲಿಗೆ ಮ್ಯಾಪ್ ಬರೆಸಿದ್ದು ಅಂತಲೂ ಕೇಳಿ. 97 ಅಥವಾ 100 ಆಕ್ಟೇನ್‌ಗೆ ಬರೆದಿದ್ದರೆ ಪುಣೆ, ಮುಂಬೈಯಲ್ಲಿ ಹೇಗೋ ನಡೆಯುತ್ತದೆ. ಊರಿಗೆ ಹೋಗುವಾಗ ನಿಪ್ಪಾಣಿ ದಾಟಿದ ಮೇಲೆ ಸಿಕ್ಕ ಬಂಕ್‌ನಲ್ಲಿ ಸಿಕ್ಕಿದ್ದನ್ನು ತುಂಬಿಸಬೇಕಾಗುತ್ತದೆ, ಅಲ್ವಾ? ಆಗ ಇಂಜಿನ್ ನಾಕ್ ಆಗತೊಡಗುತ್ತದೆ, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಉರಿಯುತ್ತದೆ. ಕಂಪ್ಯೂಟರ್ ಸ್ಪಾರ್ಕ್ ತಡಮಾಡಿ ಕಾಪಾಡಲು ನೋಡುತ್ತದೆ. ದುಡ್ಡು ಕೊಟ್ಟು ತಗೊಂಡ ಬಲ ಅಲ್ಲೇ ಕರಗುತ್ತದೆ.

ಮೂರನೇ ದಾರಿಯೂ ಇದೆ. ನನಗೆ ಹೆಚ್ಚು ಇಷ್ಟ ಅದೇ. ಮುಟ್ಟದ ಮ್ಯಾನುಯಲ್ ಕಾರು. ಸ್ಕೋಡಾ ಸ್ಲಾವಿಯಾ 1.5 ಮ್ಯಾನುಯಲ್‌ನಲ್ಲಿ 2022ರಲ್ಲೇ ಬಂದಿತ್ತು. ವರ್ಟಸ್ ಜಿಟಿಯದೇ ಇಂಜಿನ್, 150 ಪಿಎಸ್. 2023ರ ಹುಂಡೈ ವೆರ್ನಾ ಟರ್ಬೊ 160 ಪಿಎಸ್, 253 ಎನ್‌ಎಂ, ಅದಕ್ಕೂ ಮ್ಯಾನುಯಲ್ ಇದೆ. ಕ್ಲಚ್ ಹೋದರೂ ಡಿಎಸ್‌ಜಿಯ ಮೆಕಟ್ರಾನಿಕ್ (ಗೇರ್, ಕ್ಲಚ್ ನಡೆಸುವ ಘಟಕ) ಹೋದಾಗಿನ ಹಾಗೆ ಬಿಲ್ ನೋಡಿ ತಲೆ ತಿರುಗುವುದಿಲ್ಲ. ಹಿಂಜವಡಿ ಟ್ರಾಫಿಕ್‌ನಲ್ಲಿ ಎಡಗಾಲು ನೋಯುತ್ತದೆ, ಅದು ನಿಜ.

ಯಾವುದೇ ಕಾರು ನೋಡಲು ಹೋದರೂ ಬೆಳಿಗ್ಗೆ ಬೇಗ ಹೋಗಿ, ‘ಸ್ಟಾರ್ಟ್ ಮಾಡಿ ಇಡಬೇಡಿ’ ಅಂತ ಮೊದಲೇ ಹೇಳಿ. ತಣ್ಣಗಿನ ಇಂಜಿನ್ ಏನನ್ನೂ ಮುಚ್ಚಿಡುವುದಿಲ್ಲ. ಡಿಎಸ್‌ಜಿ ಆದರೆ ಚೆನ್ನಾಗಿ ಬಿಸಿಯಾಗುವವರೆಗೆ ಊರೊಳಗೆ ಓಡಿಸಿ, ಆಮೇಲೆ ಒಂದು ಏರಿನಲ್ಲಿ ನಿಲ್ಲಿಸಿ ಬ್ರೇಕ್ ನಿಧಾನಕ್ಕೆ ಬಿಡಿ. ಕಾರು ನಡುಗುತ್ತಾ ಹೊರಟರೆ ಕ್ಲಚ್ ದಣಿದಿದೆ. ಎರಡರಿಂದ ಒಂದಕ್ಕೆ ಇಳಿಯುವಾಗ ‘ಟಕ್’ ಅಂದರೂ ಕಿವಿ ಕೊಡಿ. ಕಾತ್ರಜ್ ಹಳೇ ಘಾಟ್‌ನಂಥ ಏರಿನಲ್ಲಿ, ಖಾಲಿ ರಸ್ತೆ ನೋಡಿಕೊಂಡು, ನಾಲ್ಕನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಪೂರ್ತಿ ತುಳಿಯಿರಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ವೇಗ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಅಲ್ಲಿಗೆ ಮಾತು ಮುಗಿಯಿತು, ಕೀ ವಾಪಸ್ ಕೊಡಿ.

ಕಾರು ನೆರೆ ನೀರಲ್ಲಿ ಮುಳುಗಿತ್ತಾ ಅನ್ನುವ ವಿಷಯ ಮರೆಯಬೇಡಿ. ಮುಂಬೈಯ ಕಾರುಗಳು ಪುಣೆಗೆ ಬಂದು ಮಾರಾಟವಾಗುವುದು ಹೊಸದಲ್ಲ. ಪುಣೆಯಲ್ಲೂ 2019ರ ಸೆಪ್ಟೆಂಬರ್‌ನಲ್ಲಿ ಅಂಬಿಲ್ ಓಢಾ ಹಳ್ಳ ಉಕ್ಕಿತು, 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಗೆ ನೀರು ನುಗ್ಗಿತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯಾ ನೋಡಿ. ಸೀಟಿನ ಕೆಳಗಿನ ಹಳಿಗೆ ತುಕ್ಕು ಹಿಡಿದಿದೆಯಾ, ಸ್ಟೆಪ್ನಿ ಗುಂಡಿಯಲ್ಲಿ ಮಣ್ಣು ಇದೆಯಾ ನೋಡಿ. ಕಂಪ್ಯೂಟರ್ ತುಂಬಿದ ಇಂಥ ಕಾರು ಒಮ್ಮೆ ಮುಳುಗಿದರೆ ವರ್ಷಗಳ ನಂತರವೂ ಒಂದಿಲ್ಲೊಂದು ಎಚ್ಚರಿಕೆ ದೀಪ ಹತ್ತುತ್ತಲೇ ಇರುತ್ತದೆ.

ಕೊನೆಗೆ, ನೀವು ಧಾರವಾಡದವರು ಅನ್ನುವುದಕ್ಕೆ ಒಂದು ಮಾತು. ಎಂಎಚ್ 14 ನಂಬರಿನ ಕಾರನ್ನು ಪುಣೆಯಲ್ಲೇ ಇಟ್ಟುಕೊಂಡು ಹಬ್ಬಕ್ಕೆ ಊರಿಗೆ ಹೋಗಿಬಂದರೆ ತಕರಾರಿಲ್ಲ. ಕೆಲಸ ಬದಲಿಸಿ ಕಾರನ್ನು ಕರ್ನಾಟಕದಲ್ಲೇ ಇಟ್ಟರೆ 12 ತಿಂಗಳು ದಾಟಿದ ಮೇಲೆ ಅಲ್ಲಿನ ನಂಬರ್ ಬೇಕು. ಅದಕ್ಕೆ ಪಿಂಪ್ರಿ–ಚಿಂಚ್ವಡ್ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಆಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಕಾರಿನ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುತ್ತದೆ, ಆದರೂ ಸಣ್ಣ ಮೊತ್ತ ಅಲ್ಲ. ಆರ್‌ಎಸ್‌ನಂಥ ದುಬಾರಿ ಕಾರಿಗೆ ಇನ್ನೂ ಭಾರ. ಮಹಾರಾಷ್ಟ್ರದಲ್ಲಿ ಕಟ್ಟಿದ್ದರಲ್ಲಿ ಉಳಿದ ಭಾಗವನ್ನು ವಾಪಸ್ ಕೇಳಬಹುದು, ತಾಳ್ಮೆ ಇದ್ದರೆ. ಎರಡು ವರ್ಷದೊಳಗೆ ಊರಿಗೆ ಮರಳುವ ಯೋಚನೆ ಇದ್ದರೆ ಈ ಖರ್ಚನ್ನು ಈಗಲೇ ಬೆಲೆಯ ಜೊತೆ ಕೂಡಿಸಿ ನೋಡಿ. ಮಾರುವವರಿಗೆ ಸಾಲ ಇದ್ದರೆ ಬ್ಯಾಂಕಿನ ಸಹಿ ಇರುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಮತ್ತೆ, ಹಳೆ ಮಾಲೀಕರ ವಿಮೆಯಲ್ಲಿ ನಿಮ್ಮ ಕಾರಿಗೆ ಆಗುವ ಹಾನಿಯ ಭಾಗ ತಾನಾಗಿ ನಿಮ್ಮ ಹೆಸರಿಗೆ ಬರುವುದಿಲ್ಲ. ಕಾರು ಕೈಗೆ ಬಂದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು.