ಒಣ ಕಸ: ಈ ಪದದಲ್ಲಿ ‘ಒಣ’ ಅನ್ನೋದೇ ಮುಖ್ಯ

ಕನ್ನಡದಲ್ಲಿ ‘ಒಣ’ ಅನ್ನುವ ಮಾತಿಗೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಒಣ ಜಂಭ, ಒಣ ಹರಟೆ, ಒಣ ವೇದಾಂತ. ಸತ್ವ ಇಲ್ಲದ್ದರ ಮುಂದೆಲ್ಲ ಒಂದು ‘ಒಣ’ ಸೇರಿಸಿಬಿಡುತ್ತೇವೆ. ಕಸದ ವಿಷಯದಲ್ಲಿ ಮಾತ್ರ ಇದು ಪೂರ್ತಿ ತಿರುಗುಮುರುಗು. ಇಲ್ಲಿ ಒಣಗಿದ್ದಕ್ಕೇ ಬೆಲೆ.

ಒಣ ಕಸ ಅಂದರೆ ಪೇಪರ್, ರಟ್ಟು, ಪ್ಲಾಸ್ಟಿಕ್, ಗಾಜು, ತಗಡು, ಹಳೇ ಬಟ್ಟೆ. ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಬಾಡಿದ ಹೂವು ಹಸಿ ಕಸ. ಡೈಪರ್, ಪ್ಯಾಡ್, ಬ್ಯಾಂಡೇಜ್ ಎರಡಕ್ಕೂ ಸೇರದ ಮೂರನೆಯ ಗುಂಪು. ಬೆಂಗಳೂರಿನಲ್ಲಿ ಈ ಪದಗಳು ಮನೆಮನೆಯ ಮಾತಾಗಿದ್ದು 2012ರಿಂದೀಚೆಗೆ. ಆ ವರ್ಷ ಊರ ಹೊರಗಿನ ಮಾವಳ್ಳಿಪುರದಲ್ಲಿ ನಗರದ ಕಸ ಸುರಿಯುವುದು ನಿಂತಿತು, ಊರ ತುಂಬ ಬೀದಿಬೀದಿಯಲ್ಲಿ ರಾಶಿ ಬಿತ್ತು. 2014ರಲ್ಲಿ, ನಗರದ ಕಸ ಬೀಳುತ್ತಿದ್ದ ಇನ್ನೊಂದು ಹಳ್ಳಿ ಮಂಡೂರಿನ ಜನರೂ ಇನ್ನು ಸಾಕು ಅಂತ ಬೀದಿಗಿಳಿದರು. ಹೈಕೋರ್ಟ್ ಆದೇಶದ ನಂತರ ಎರಡು ಡಬ್ಬ, ಒಂದು ಚೀಲದ ಪದ್ಧತಿ ಬಂತು: ಹಸಿ ಕಸಕ್ಕೆ ಹಸಿರು ಡಬ್ಬ, ಪ್ಯಾಡ್ ಡೈಪರ್‌ಗೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಮನೆಯಲ್ಲೇ ಬೇರೆ ಮಾಡಿ ಕೊಡಬೇಕು ಅನ್ನುವುದನ್ನು 2016ರ ಘನತ್ಯಾಜ್ಯ ನಿಯಮಗಳು ಇಡೀ ದೇಶಕ್ಕೇ ಅನ್ವಯಿಸಿದವು.

ಪದ ಹೊಸದು, ಕೆಲಸ ಹಳೆಯದು. ಹಾಲಿನ ಪ್ಯಾಕೆಟ್ ತೊಳೆದು, ಸಿಂಕಿನ ಮೇಲಿನ ಟೈಲ್ಸಿಗೆ ಅಂಟಿಸಿಡುವ ಅಮ್ಮಂದಿರನ್ನು ನೀವೂ ನೋಡಿರುತ್ತೀರಿ, ಅಲ್ವಾ? ನೀರಿರುವ ತನಕ ಅದು ಗೋಡೆ ಹಿಡಿದು ನಿಂತಿರುತ್ತದೆ. ಒಣಗಿದ ಮೇಲೆ ತಾನೇ ಕಳಚಿ ಬೀಳುತ್ತದೆ. ಹಾಗೆ ಬಿದ್ದವನ್ನೆಲ್ಲ ಒಂದು ಚೀಲಕ್ಕೆ ತುಂಬಿ, ರದ್ದಿ ಪೇಪರಿನ ಜೊತೆ ಗುಜರಿಗೆ ತೂಕಕ್ಕೆ ಹಾಕುತ್ತಿದ್ದರು. ಆ ಅಮ್ಮಂದಿರಿಗೆ ಗೊತ್ತಿದ್ದ ಗುಟ್ಟೇ ಈ ಪದದ ಅರ್ಧ ಅರ್ಥ.

ಒಣಗಿರಲೇಬೇಕು ಯಾಕೆ? ಪ್ಯಾಕೆಟ್ಟಿನ ತಳದಲ್ಲಿ ಉಳಿದ ನಾಲ್ಕು ಹನಿ ಹಾಲು ಒಂದೇ ದಿನಕ್ಕೆ ಹುಳಿ ಬರುತ್ತದೆ. ಅದರ ನಾತ ಇಡೀ ಚೀಲಕ್ಕೆ ಹತ್ತುತ್ತದೆ, ಪಕ್ಕದ ಪೇಪರ್ ಒದ್ದೆಯಾಗಿ ಬೂಸ್ಟು ಹಿಡಿಯುತ್ತದೆ. ಪೇಪರ್ ಅಂದರೆ ಮರದ ನಾರು. ಅದನ್ನು ನೀರಿನಲ್ಲಿ ಕಲಸಿ ಮತ್ತೆ ಹಾಳೆ ಮಾಡುವಾಗ ಪ್ರತಿ ಸಲವೂ ನಾರು ಗಿಡ್ಡವಾಗುತ್ತಾ ಹೋಗುತ್ತದೆ. ಐದಾರು ಸಲದ ಮೇಲೆ ಅದು ಹಾಳೆಗೆ ಬರುವುದಿಲ್ಲ. ಇಷ್ಟೇ ಆಯಸ್ಸು ಇರುವ ನಾರನ್ನು ಸಾರು ಚೆಲ್ಲಿ, ಎಣ್ಣೆ ಮೆತ್ತಿ ಮೊದಲ ಸಲಕ್ಕೇ ಹಾಳು ಮಾಡಿದರೆ ಹೇಗೆ? ಎಣ್ಣೆ ಕುಡಿದ ಪಿಜ್ಜಾ ಡಬ್ಬದ ರಟ್ಟು ಯಾರಿಗೂ ಬೇಡ. ಎರಡು ಚಮಚ ನೀರು ಹಾಕಿ ಪ್ಯಾಕೆಟ್ ಕುಲುಕಿ, ಆ ನೀರನ್ನು ಗಿಡಕ್ಕೆ ಸುರಿದರೆ ಅರ್ಧ ನಿಮಿಷದ ಕೆಲಸ.

ಪ್ಯಾಕೆಟ್ಟಿನ ಮೂಲೆಯನ್ನೂ ಪೂರ್ತಿ ಕತ್ತರಿಸಬೇಡಿ. ಆ ಚೂರು ಎಷ್ಟು ಸಣ್ಣದು ಅಂದರೆ, ಅದನ್ನು ಹೆಕ್ಕಿ ಬೇರೆ ಮಾಡುವುದು ಯಾರಿಂದಲೂ ಆಗುವುದಿಲ್ಲ. ಚರಂಡಿಗೋ ಮಣ್ಣಿಗೋ ಸೇರಿಬಿಡುತ್ತದೆ. ಕತ್ತರಿಯನ್ನು ಸ್ವಲ್ಪ ಮುಂಚೆ ನಿಲ್ಲಿಸಿ, ಮೂಲೆ ಅಂಟಿಕೊಂಡೇ ಇರಲಿ.

ಒಣ ಕಸದ ಕೇಂದ್ರದಲ್ಲಿ ವಿಂಗಡಿಸುವವರ ಕೈ ನೋಡಬೇಕು. ಕವರನ್ನು ಕಿವಿಯ ಹತ್ತಿರ ಮುದುಡಿದರೆ ಕರಕರ ಅನ್ನುವುದು ಒಂದು ರಾಶಿಗೆ. ಮೆತ್ತಗಿದ್ದು, ಎಳೆದರೆ ಹಿಗ್ಗುವುದು ಇನ್ನೊಂದಕ್ಕೆ. ಹಾಲಿನ ಪ್ಯಾಕೆಟ್ ಈ ಎರಡನೆಯ ಜಾತಿ. ನೀರಿನ ಬಾಟ್ಲಿ ಬೇರೆ, ಅದರ ಮುಚ್ಚಳ ಬೇರೆ, ಎರಡೂ ಬೇರೆ ಬೇರೆ ಪ್ಲಾಸ್ಟಿಕ್. ಈ ವಿದ್ಯೆಯನ್ನು ಅವರು ಕೈಯಿಂದಲೇ ಕಲಿತಿದ್ದಾರೆ. ನನಗೆ ಇದು ಯಾವ ಕುಶಲ ಕೆಲಸಕ್ಕೂ ಕಡಿಮೆ ಅಂತ ಅನ್ನಿಸುವುದಿಲ್ಲ.

ಹೀಗೆ ಬೇರೆಯಾದದ್ದು ಇನ್ನು ಕಸ ಅಲ್ಲ, ಮಾಲು. ಹಾಲಿನ ಪ್ಯಾಕೆಟ್ ಕರಗಿ ಪೈಪು, ಶೀಟು ಆಗುತ್ತದೆ. ನೀರಿನ ಬಾಟ್ಲಿ ಪಾಲಿಯೆಸ್ಟರ್ ದಾರ ಆಗುತ್ತದೆ. ಗಾಜನ್ನಂತೂ ಎಷ್ಟು ಸಲ ಬೇಕಾದರೂ ಕರಗಿಸಬಹುದು, ಗುಣ ಕೆಡುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಲಾಭ ಇರುವುದು ಅಲ್ಯೂಮಿನಿಯಂನಲ್ಲಿ. ಅದಿರು ಅಗೆದು ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ, ಹಳೆಯದನ್ನು ಕರಗಿಸುವಾಗ ಶೇಕಡ 95ರಷ್ಟು ಶಕ್ತಿ ಉಳಿಯುತ್ತದೆ. ಖಾಲಿ ಜ್ಯೂಸ್ ಕ್ಯಾನನ್ನು ಸುಮ್ನೆ ಎಸೆದರೆ ಇಷ್ಟೂ ಹೋಯಿತು.

ಹಸಿ ಮತ್ತು ಒಣ ಒಟ್ಟಿಗೆ ಹೋದರೆ ಎರಡೂ ಕೆಡುತ್ತವೆ. ಹಸಿ ಕಸ ಗೊಬ್ಬರ ಆಗುವ ಬದಲು ಪ್ಲಾಸ್ಟಿಕ್ಕಿನ ನಡುವೆ ಗಾಳಿ ಇಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖ ಹಿಡಿಯುವ ಅನಿಲ ಅದು. ರಾಶಿಯಿಂದ ಸೋರುವ ಕಪ್ಪು ನೀರು ಮಣ್ಣಿಗೆ ಇಳಿದು ಬಾವಿ, ಬೋರ್‌ವೆಲ್ ಸೇರುತ್ತದೆ. ನಾವು ಕಟ್ಟಿ ಕೊಟ್ಟ ಗಂಟು ಬಿಚ್ಚಿಕೊಳ್ಳುವುದು ಇನ್ಯಾರದೋ ಊರಿನ ಕುಡಿಯುವ ನೀರಿನಲ್ಲಿ.

ಒಣಗಿದ್ದೆಲ್ಲವೂ ಮಾಲಾಗುತ್ತದೆ ಅಂತಲ್ಲ. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್ಕಿಗೆ ತೆಳ್ಳಗೆ ಅಲ್ಯೂಮಿನಿಯಂ ಲೇಪ ಇರುತ್ತದೆ, ಬಿಡಿಸುವುದು ಕಷ್ಟ. ಇಂಥವು ಹೆಚ್ಚಾಗಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತವೆ. ಥರ್ಮೋಕೋಲ್‌ನಲ್ಲಿ ಇರುವುದೆಲ್ಲ ಬರೀ ಗಾಳಿ, ಸಾಗಿಸುವ ಖರ್ಚೂ ಹುಟ್ಟುವುದಿಲ್ಲ. ನುಣುಪಾದ ಅಂಗಡಿ ಬಿಲ್ಲಿಗೆ ರಾಸಾಯನಿಕ ಬಳಿದಿರುತ್ತಾರೆ, ಅದನ್ನು ರದ್ದಿಗೆ ಸೇರಿಸಬೇಡಿ.

ಗಾಜಿನ ಲೋಟ ಒಡೆದರೆ ಚೂರುಗಳನ್ನು ದಪ್ಪ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ‘ಗಾಜು’ ಅಂತ ದೊಡ್ಡದಾಗಿ ಬರೆದು ಬೇರೆಯಾಗಿ ಕೊಡಿ. ನಿಮ್ಮ ಚೀಲ ಬಿಚ್ಚುವವರ ಕೈಗೆ ಎಷ್ಟೋ ಸಲ ಗವಸು ಇರುವುದಿಲ್ಲ.